ಡ್ರೆಸ್ ವಾಚು: ಬೆಲೆ ಕಟ್ಟುವ ಬಗೆ ಮತ್ತು ಒಡೆತನದ ಖರ್ಚು (ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆ)

ಮದುವೆ, ನಿಶ್ಚಯ, ಸನ್ಮಾನ, ಸಭೆಗಳಂಥ ಸಂದರ್ಭಕ್ಕೆಂದೇ ಕಟ್ಟಿಕೊಳ್ಳುವ ತೆಳುವಾದ, ಸರಳವಾದ ಕೈಗಡಿಯಾರವನ್ನು ಡ್ರೆಸ್ ವಾಚು ಎನ್ನುತ್ತಾರೆ. ಎರಡೋ ಮೂರೋ ಮುಳ್ಳು, ಹೆಚ್ಚೆಂದರೆ ತಾರೀಖಿನ ಕಿಟಕಿ, ತಿಳಿಬಣ್ಣದ ಡಯಲ್, ತೊಗಲಿನ ಬೆಲ್ಟು, ಅಂಗಿಯ ತೋಳಿನಡಿ ತಡೆಯಿಲ್ಲದೆ ಸೇರಿಕೊಳ್ಳುವ ಮೈ ಇದರ ಲಕ್ಷಣ. ಬೆಲೆ ಕೆಲವು ಸಾವಿರದಿಂದ ಹಲವು ಲಕ್ಷ ರೂಪಾಯಿಯವರೆಗೆ ಹರಡಿದೆ. ನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಎರಡು ವಾಚುಗಳ ನಡುವೆ ನೂರು ಪಟ್ಟು ಬೆಲೆಯ ಅಂತರ ಇರಬಹುದು. ಬೆಲೆ ಕಟ್ಟುವುದು ಕಷ್ಟವಾಗುವುದು ಅಲ್ಲಿಯೇ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಬೀಗರು ವರನಿಗೆ ಉಂಗುರದ ಜೊತೆ ವಾಚು ಕೊಡುವ ವಾಡಿಕೆ ಹಳೆಯದು. ಒಂದು ಕಾಲಕ್ಕೆ ಅದು ಚಾವಿ ಕೊಡುವ ಎಚ್‌ಎಂಟಿ ಆಗಿತ್ತು, ಆಮೇಲೆ ಟೈಟಾನ್ ಆಯಿತು, ಈಗ ಅನುಕೂಲಸ್ಥರ ಮನೆಗಳಲ್ಲಿ ಸ್ವಿಸ್ ಹೆಸರುಗಳೂ ಕೇಳಿಬರುತ್ತವೆ. ಆದರೆ ಅಂಗಡಿಯವರು ಹೇಳುವ ಬೆಲೆ ಒಡೆತನದ ಮೊದಲ ಕಂತು ಮಾತ್ರ. ಮುಂದಿನ ಕಂತುಗಳು ಎಷ್ಟು ಎಂಬುದು ಆ ವಾಚನ್ನು ಬಿಚ್ಚಿ ಸರಿಮಾಡಬಲ್ಲ ಕೈ ಎಷ್ಟು ದೂರದಲ್ಲಿದೆ, ಆ ಕೈಗೆ ಬಿಡಿಭಾಗ ಸಿಗುತ್ತದೆಯೇ ಎಂಬುದರ ಮೇಲೆ ನಿಂತಿದೆ. ಜಿನೀವಾದಲ್ಲೋ ಮುಂಬಯಿಯಲ್ಲೋ ಕುಳಿತವರು ಬರೆದ ಕೊಳ್ಳುವವರ ಕೈಪಿಡಿಗಳಲ್ಲಿ ಈ ದೂರದ ಲೆಕ್ಕ ಬರುವುದಿಲ್ಲ. ಘಟಪ್ರಭೆಯ ದಂಡೆಯ ಕುಟುಂಬಕ್ಕೆ ಅದೇ ಮೊದಲ ಲೆಕ್ಕವಾಗಬೇಕು.

ಹಿನ್ನೆಲೆ

ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ವಾಚುಗಳೂ ಆ ದಿಕ್ಕಿನಿಂದಲೇ ಬಂದವು. ಸ್ವಿಟ್ಜರ್ಲೆಂಡಿನ ಫಾವ್ರ್-ಲೂಬಾ 1865ರಿಂದಲೇ ಮುಂಬಯಿಯಲ್ಲಿ ವ್ಯಾಪಾರ ನಡೆಸಿತು. ಅದೇ ಶತಮಾನದ ಕೊನೆಯ ಭಾಗದಲ್ಲಿ ಬಂದ ವೆಸ್ಟ್ ಎಂಡ್ ವಾಚ್ ಕಂಪನಿ ಸೈನಿಕರಿಗೂ ರೈಲ್ವೆ ನೌಕರರಿಗೂ ಗಟ್ಟಿಯಾದ ವಾಚುಗಳನ್ನು ಮಾರಿ ಹೆಸರು ಮಾಡಿತು. ಅದರ 'ಸೋವಾರ್ ಪ್ರಿಮಾ' ಹಳೆಯ ಮನೆತನಗಳ ಪೆಟ್ಟಿಗೆಗಳಿಂದ ಇಂದಿಗೂ ಹೊರಬರುತ್ತದೆ. ಗೋಕಾಕ ಜಲಪಾತದ ಬಳಿ 1880ರ ದಶಕದಲ್ಲಿ ನೂಲಿನ ಗಿರಣಿ ತಲೆಯೆತ್ತಿತು, ಘಟಪ್ರಭಾ ನಿಲ್ದಾಣದ ಮೂಲಕ ರೈಲು ಓಡತೊಡಗಿತು. ಪಾಳಿ ಮತ್ತು ಗಾಡಿಯ ವೇಳೆ ಈ ಭಾಗದ ದಿನಚರಿಗೆ ಸೇರಿದ್ದು ಆಗಿನಿಂದ.

ಡ್ರೆಸ್ ವಾಚಿನ ರೂಪ ಗಟ್ಟಿಯಾದದ್ದು 20ನೆಯ ಶತಮಾನದ ಮೊದಲ ಭಾಗದಲ್ಲಿ. ಕಾರ್ಟಿಯೆಯ ಚೌಕಾಕಾರದ 'ಟ್ಯಾಂಕ್' 1917ರ ವಿನ್ಯಾಸ. ಪಾಟೆಕ್ ಫಿಲಿಪ್‌ನ ದುಂಡು 'ಕಲಾತ್ರಾವಾ' 1932ರದು; ಇಂದಿಗೂ ಬಹುಪಾಲು ಡ್ರೆಸ್ ವಾಚುಗಳು ಅದರ ನೆರಳಿನಲ್ಲಿಯೇ ಹುಟ್ಟುತ್ತವೆ. 1931ರ 'ರಿವರ್ಸೊ' ಬಂದದ್ದು ಭಾರತದಲ್ಲಿ ಪೋಲೊ ಆಡುತ್ತಿದ್ದ ಬ್ರಿಟಿಷ್ ಅಧಿಕಾರಿಗಳ ಬೇಡಿಕೆಯಿಂದ. ಆಟದಲ್ಲಿ ಗಾಜು ಒಡೆಯುತ್ತಿತ್ತು, ಅದಕ್ಕೆ ಡಯಲನ್ನೇ ಹಿಂದುಮುಂದಾಗಿ ತಿರುಗಿಸುವ ಚೌಕಟ್ಟು ಮಾಡಿದರು. 1957ರಲ್ಲಿ ಪಿಯಾಜೆ ಕೇವಲ 2 ಮಿಲಿಮೀಟರ್ ದಪ್ಪದ ಚಾವಿ ಯಂತ್ರ ತಂದಿತು. ತೆಳುಪಿಗೂ ಬೆಲೆಗೂ ಇರುವ ನಂಟನ್ನು ಅದು ಗಟ್ಟಿಮಾಡಿತು.

ಕರ್ನಾಟಕಕ್ಕೆ ಈ ಕಥೆಯಲ್ಲಿ ಸ್ವಂತ ಅಧ್ಯಾಯವಿದೆ. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಿಂದ ಕೈಗಡಿಯಾರ ಮಾಡತೊಡಗಿತು, ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಕಟ್ಟಿತು. 17 ರತ್ನಗಳ 'ಜನತಾ' ಎಲ್ಲರ ವಾಚಾದರೆ, ತೆಳುವಾದ 'ಸೋನಾ' ನಿಜವಾದ ಅರ್ಥದ ಡ್ರೆಸ್ ವಾಚು. ತಾನೇ ಚಾವಿ ತುಂಬಿಕೊಳ್ಳುವ 'ಕಾಂಚನ' ಮದುವೆಯ ಕಾಲದಲ್ಲಿ ಹುಡುಕಿದರೂ ಸಿಗದ ಸಾಮಾನಾಗಿತ್ತು. 1984ರಲ್ಲಿ ಸ್ಥಾಪನೆಯಾಗಿ ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಟೈಟಾನ್, ಸೆಲ್ಲಿನಿಂದ ನಡೆಯುವ ಕ್ವಾರ್ಟ್ಜ್ ವಾಚುಗಳಿಂದ ಮಾರುಕಟ್ಟೆಯನ್ನು ತನ್ನದಾಗಿಸಿಕೊಂಡಿತು. 2002ರಲ್ಲಿ ಅದು ತಂದ 'ಎಡ್ಜ್' ವಾಚಿನ ಮೈ 3.5 ಮಿಲಿಮೀಟರ್, ಒಳಗಿನ ಯಂತ್ರ 1.15 ಮಿಲಿಮೀಟರ್. ಜಗತ್ತಿನ ಯಾವ ಕಾರ್ಖಾನೆಯ ಕೆಲಸದ ಪಕ್ಕದಲ್ಲಿಟ್ಟರೂ ತಲೆತಗ್ಗಿಸದ ಕೆಲಸ ಅದು. ಎಚ್‌ಎಂಟಿ ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು.

ಬೆಲೆ ಕಟ್ಟುವ ಬಗೆ

ಯಾವುದೇ ದುಬಾರಿ ವಾಚಿನ ಬೆಲೆಯನ್ನು ಲೋಹ, ಯಂತ್ರ, ಹೆಸರು ಎಂದು ಒಡೆದು ನೋಡಬೇಕು.

ಲೋಹದ ಲೆಕ್ಕ ಈ ಭಾಗದ ಜನರಿಗೆ ಚೆನ್ನಾಗಿ ಗೊತ್ತು, ಆದರೂ ಮೋಸಹೋಗುವುದು ಇಲ್ಲಿಯೇ ಹೆಚ್ಚು. ಮನೆಯ ಒಡವೆ 22 ಕ್ಯಾರೆಟ್ಟಿನದು, ಅಂದರೆ ನೂರಕ್ಕೆ 91.6 ಭಾಗ ಚಿನ್ನ. ವಾಚಿನ ಚಿನ್ನ ಸಾಮಾನ್ಯವಾಗಿ 18 ಕ್ಯಾರೆಟ್, ನೂರಕ್ಕೆ 75 ಭಾಗ. ಯಂತ್ರ, ಗಾಜು, ಬೆಲ್ಟು ತೆಗೆದ ಮೇಲೆ ಬರಿಯ ಕೇಸು 20 ಗ್ರಾಂ ತೂಗಿದರೆ ಅದರಲ್ಲಿರುವ ಅಪ್ಪಟ ಚಿನ್ನ 15 ಗ್ರಾಂ. ಹತ್ತು ಗ್ರಾಮಿನ ತೊಲೆಯಲ್ಲಿ ಹೇಳಿದರೆ ಒಂದೂವರೆ ತೊಲೆ. ವಾಚನ್ನು ಇಡಿಯಾಗಿ ತಕ್ಕಡಿಗೆ ಹಾಕಿ ಚಿನ್ನದ ಬೆಲೆ ಹೇಳುವವರ ಮಾತು ನಂಬುವಂಥದ್ದಲ್ಲ. ಸ್ವಿಸ್ ಚಿನ್ನದ ಕೇಸುಗಳ ಮೇಲೆ 1995ರಿಂದ ಸೇಂಟ್ ಬರ್ನಾರ್ಡ್ ನಾಯಿಯ ತಲೆಯ ಮುದ್ರೆ ಇರುತ್ತದೆ, ಪಕ್ಕದಲ್ಲಿ 750 ಎಂಬ ಅಂಕಿ. ಭಾರತದಲ್ಲಿ 2021ರಿಂದ ಚಿನ್ನದೊಡವೆಗೆ ಹಾಲ್‌ಮಾರ್ಕ್ ಕಡ್ಡಾಯವಾದಾಗ ವಾಚುಗಳಿಗೆ ವಿನಾಯಿತಿ ಸಿಕ್ಕಿತು. ಹಾಗಾಗಿ ಬಳೆ, ಸರದಂತೆ ವಾಚಿನ ಮೇಲೆ ಹಾಲ್‌ಮಾರ್ಕ್ ಸಂಖ್ಯೆ ಹುಡುಕಿ ಫಲವಿಲ್ಲ. ಕಂಪನಿಯ ಮುದ್ರೆ ಮತ್ತು ಕಾಗದವನ್ನೇ ನೆಚ್ಚಬೇಕು.

ಇನ್ನು ಗಿಲೀಟಿನ ವಾಚು. ಚಿನ್ನದ ನೀರು ಕುಡಿಸಿದ ಹಳೆಯ ಕೇಸುಗಳ ಬೆನ್ನಿಗೆ 10 ಅಥವಾ 20 ಮೈಕ್ರಾನ್ ಎಂದು ಕೆತ್ತಿರುತ್ತಿದ್ದರು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಈಗಿನ ಲೇಪ ಸಾಮಾನ್ಯವಾಗಿ ಅದಕ್ಕಿಂತ ಬಹಳ ತೆಳು. ಬೆವರು ತಾಗುವ ಕೇಸಿನ ಕಿವಿಗಳಲ್ಲಿ, ಬಕಲ್ಲಿನಲ್ಲಿ ಅದು ಮೊದಲು ಸವೆಯುತ್ತದೆ. ಇಂಥ ವಾಚಿಗೆ ಲೋಹದ ಬೆಲೆ ಸೊನ್ನೆ ಎಂದೇ ಹಿಡಿಯಬೇಕು.

ಯಂತ್ರದ ಬೆಲೆ ತಿಳಿಯಲು ಒಳಗಿರುವುದು ಯಾವುದು ಎಂದು ಕೇಳುವುದು ಕೊಳ್ಳುವವರ ಹಕ್ಕು. ಬಹಳಷ್ಟು ಹೆಸರಾಂತ ಕಂಪನಿಗಳು ತಮ್ಮದೇ ಯಂತ್ರ ಮಾಡದೆ ಇಟಿಎ, ಮಿಯೋಟಾ ಮೊದಲಾದವರಿಂದ ತರಿಸಿ ಕೂಡಿಸುತ್ತವೆ. ಇದನ್ನು ಕೀಳಾಗಿ ಕಾಣುವ ಸಂಗ್ರಾಹಕರಿದ್ದಾರೆ. ದೊಡ್ಡ ಪಟ್ಟಣದಿಂದ ದೂರ ಇರುವವರಿಗೆ ಅದೇ ಗುಣ. 2.5 ಮಿಲಿಮೀಟರ್ ದಪ್ಪದ ಇಟಿಎ 7001ರಂಥ ತೆಳು ಚಾವಿ ಯಂತ್ರ ದಶಕಗಳಿಂದ ಹತ್ತಾರು ಹೆಸರುಗಳ ವಾಚುಗಳೊಳಗೆ ಕುಳಿತಿದೆ. ನುರಿತ ರಿಪೇರಿಯವರಿಗೆ ಅದರ ಪರಿಚಯವಿದೆ, ಬಿಡಿಭಾಗ ಹುಡುಕಿದರೆ ಸಿಗುತ್ತದೆ. ಕಂಪನಿ ತನ್ನೊಳಗೇ ಮಾಡಿದ ಯಂತ್ರ ಎಷ್ಟೇ ಸೊಗಸಾಗಿದ್ದರೂ ಅದರ ಬಿಡಿಭಾಗವನ್ನು ಹೊರಗಿನವರಿಗೆ ಮಾರದ ಕಂಪನಿಗಳೇ ಹೆಚ್ಚು. ಆ ವಾಚು ನಿಂತ ದಿನ ಅದನ್ನು ಕಂಪನಿಗೇ ಕಳಿಸಬೇಕು, ಅವರು ಹೇಳಿದ್ದೇ ದರ.

ನಿಖರತೆಗೂ ಬೆಲೆಗೂ ನಂಟಿಲ್ಲ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳಿನ ಅಗ್ಗದ ಕ್ವಾರ್ಟ್ಜ್ ವಾಚು ತಿಂಗಳಿಗೆ ಹದಿನೈದು ಸೆಕೆಂಡಿನಷ್ಟು ಹೆಚ್ಚುಕಡಿಮೆಯಾದೀತು. ಸ್ವಿಸ್ ಅಧಿಕೃತ ಪರೀಕ್ಷೆ ಗೆದ್ದ ಯಾಂತ್ರಿಕ ವಾಚಿಗೂ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಹೋಗುವ ಅವಕಾಶವಿದೆ. ದುಬಾರಿ ಯಾಂತ್ರಿಕ ವಾಚಿನಲ್ಲಿ ಹಣ ಹೋಗುವುದು ಕೈಗೆಲಸಕ್ಕೆ: ಯಂತ್ರದ ಚಕ್ರಗಳನ್ನು ಹಿಡಿದಿಡುವ, ಅಂಚು ನಯಗೊಳಿಸಿದ ಸೇತುವೆಗಳು, ಕೈಯಿಂದ ಕೂಡಿಸಿದ ಮುಳ್ಳು, ಕೆತ್ತನೆಯ ಡಯಲ್. ಆ ಕೆಲಸ ಕಣ್ಣಿಗೆ ಖುಷಿ ಕೊಡುವುದಾದರೆ ಹಣಕ್ಕೆ ಅರ್ಥವಿದೆ.

ಹೆಸರಿನ ಬೆಲೆ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಬೇಗ ಕರಗುವುದೂ ಅದೇ. ಹೊಸ ವಾಚು ಅಂಗಡಿಯ ಬಾಗಿಲು ದಾಟಿದ ಕೂಡಲೇ ಬೆಲೆ ಇಳಿಯುತ್ತದೆ. ಇಳಿಯದೆ ನಿಲ್ಲುವ ಬೆರಳೆಣಿಕೆಯ ಹೆಸರುಗಳಿವೆ ನಿಜ. ಅವುಗಳಲ್ಲೂ ಹೆಚ್ಚಿನವು ಉಕ್ಕಿನ ಕ್ರೀಡಾ ವಾಚುಗಳು, ಡ್ರೆಸ್ ವಾಚುಗಳಲ್ಲ. "ಇಟ್ಟರೆ ಬೆಲೆ ಏರುತ್ತದೆ" ಎಂಬ ಅಂಗಡಿಯ ಮಾತಿಗೆ ಡ್ರೆಸ್ ವಾಚಿನ ವಿಷಯದಲ್ಲಿ ಆಧಾರ ಕಡಿಮೆ. 'ಸ್ವಿಸ್ ಮೇಡ್' ಎಂಬ ಬರಹಕ್ಕೂ ಮಿತಿಯಿದೆ: 2017ರಿಂದ ಜಾರಿಯಲ್ಲಿರುವ ನಿಯಮದಂತೆ ತಯಾರಿಕೆಯ ವೆಚ್ಚದಲ್ಲಿ ಕನಿಷ್ಠ ನೂರಕ್ಕೆ 60 ಭಾಗ ಆ ದೇಶದಲ್ಲಿ ಆಗಿರಬೇಕು, ಪೂರ್ತಿ ಅಲ್ಲಿಯೇ ಆಗಬೇಕಿಲ್ಲ.

ವರ್ಷವರ್ಷದ ಖರ್ಚು

ಯಾಂತ್ರಿಕ ವಾಚಿನೊಳಗಿನ ಎಣ್ಣೆ ಕಾಲಾಂತರದಲ್ಲಿ ಒಣಗುತ್ತದೆ ಇಲ್ಲವೆ ಹರಡಿಹೋಗುತ್ತದೆ. ಆಮೇಲೂ ನಡೆಸಿದರೆ ಹಲ್ಲುಚಕ್ರದ ಕಡ್ಡಿಗಳು ಸವೆಯುತ್ತವೆ. ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಸಮಯ ಹೊಂದಿಸುವ ಸರ್ವೀಸು ಹಿಂದೆ ಮೂರರಿಂದ ಐದು ವರ್ಷಕ್ಕೊಮ್ಮೆ ಬೇಕಿತ್ತು. ಹೊಸ ಎಣ್ಣೆಗಳಿಂದಾಗಿ ಕೆಲವು ಕಂಪನಿಗಳು ಹತ್ತು ವರ್ಷದವರೆಗೂ ಹೇಳುತ್ತವೆ. ಕಬ್ಬಿನ ಸುಗ್ಗಿಯ ದೂಳು, ಮಳೆಗಾಲದ ತೇವ, ಬೇಸಿಗೆಯ ಬೆವರು ಮೂರೂ ಇರುವ ಈ ಸೀಮೆಯಲ್ಲಿ ಐದಾರು ವರ್ಷವೆಂದು ಹಿಡಿಯುವುದು ಕ್ಷೇಮ. ಡ್ರೆಸ್ ವಾಚಿನ ಬೆನ್ನಿಗೆ 30 ಮೀಟರ್ ಎಂದು ಬರೆದಿದ್ದರೆ ಅದು ಕೈತೊಳೆಯುವಾಗ ಸಿಡಿಯುವ ಹನಿಗಷ್ಟೇ. ಹಿಡಕಲ್ ಹಿನ್ನೀರಿಗೋ ಗೋಕಾಕ ಜಲಪಾತದ ತುಂತುರಿಗೋ ಅದನ್ನು ಒಡ್ಡಬಾರದು. ಅರಿಸಿನದ ಶಾಸ್ತ್ರದ ಹೊತ್ತಿಗೆ ಬಿಚ್ಚಿಡುವುದು ಇನ್ನೂ ಅಗತ್ಯ, ತೊಗಲಿನ ಮೇಲಿನ ಅರಿಸಿನ ಮತ್ತೆ ಹೋಗುವುದಿಲ್ಲ.

ಕಾಂತದಿಂದಲೂ ತೊಂದರೆಯಿದೆ. ಮೊಬೈಲಿನ ಸ್ಪೀಕರ್, ಪಂಪಸೆಟ್ಟಿನ ಮೋಟಾರು, ಮದುವೆ ಮಂಟಪದ ಧ್ವನಿಪೆಟ್ಟಿಗೆಗಳ ಬಳಿ ಇಟ್ಟರೆ ಒಳಗಿನ ಕೂದಲೆಳೆಯ ಸ್ಪ್ರಿಂಗು ಕಾಂತ ಹಿಡಿದು ಸುರುಳಿಗಳು ಒಂದಕ್ಕೊಂದು ಅಂಟುತ್ತವೆ, ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತದೆ. ಕಾಂತ ಕಳೆಯುವುದು ಕೆಲವೇ ನಿಮಿಷದ ಕೆಲಸ. ಇದನ್ನು ತಿಳಿಯದೆ ಪೂರ್ತಿ ಸರ್ವೀಸಿಗೆ ದುಡ್ಡು ಕೊಟ್ಟವರು ಬಹಳ.

ಲೆಕ್ಕ ಹೇಗೆ ಬೆಳೆಯುತ್ತದೆ ಎಂದು ತೋರಿಸಲು ಒಂದು ಕಲ್ಪಿತ ಉದಾಹರಣೆ. ನಾಲ್ಕು ಲಕ್ಷ ರೂಪಾಯಿಯ ಯಾಂತ್ರಿಕ ಡ್ರೆಸ್ ವಾಚನ್ನು ಹತ್ತು ವರ್ಷ ಇಟ್ಟುಕೊಂಡು ಮಾರುತ್ತೇವೆ ಎನ್ನೋಣ. ಐದನೆಯ ವರ್ಷ ಮತ್ತು ಮಾರುವ ಮುಂಚೆ ತಲಾ 35,000 ರೂಪಾಯಿಯ ಸರ್ವೀಸು. ಎರಡು ವರ್ಷಕ್ಕೊಂದರಂತೆ 6,000 ರೂಪಾಯಿಯ ನಾಲ್ಕು ಬೆಲ್ಟು. ಬ್ಯಾಂಕ್ ಲಾಕರಿಗೆ ವರ್ಷಕ್ಕೆ 2,000. ಒಟ್ಟು ಹಾಕಿದ ಹಣ 5,14,000. ಅರ್ಧ ಬೆಲೆಗೆ ಮಾರಿಹೋದರೆ ಕೈಗೆ ಬರುವುದು ಎರಡು ಲಕ್ಷ. ನಿಜವಾದ ಖರ್ಚು 3,14,000, ವರ್ಷಕ್ಕೆ 31,400. ವರ್ಷದಲ್ಲಿ ಇಪ್ಪತ್ತು ದಿನ ಕಟ್ಟಿದರೆ ದಿನವೊಂದಕ್ಕೆ 1,570 ರೂಪಾಯಿ. ಅದೇ ನಾಲ್ಕು ಲಕ್ಷ ನೂರಕ್ಕೆ 6.5ರ ಚಕ್ರಬಡ್ಡಿಯಲ್ಲಿ ಹತ್ತು ವರ್ಷ ಕುಳಿತಿದ್ದರೆ ಸುಮಾರು ಏಳೂವರೆ ಲಕ್ಷವಾಗುತ್ತಿತ್ತು.

ಈ ಅಂಕಿಗಳನ್ನು ಇಲ್ಲಿನ ಅಳತೆಗೆ ತಂದರೆ ತೂಕ ತಿಳಿಯುತ್ತದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲಿರುಳು ರಸ್ತೆಯಲ್ಲಿ ಕುಳಿತರು. ಕೊನೆಗೆ ಸರ್ಕಾರ 3,300 ರೂಪಾಯಿ ಘೋಷಿಸಿತು. ಆ ದರದಲ್ಲಿ ನಾಲ್ಕು ಲಕ್ಷದ ವಾಚು 121 ಟನ್ ಕಬ್ಬು. ಎಕರೆಗೆ 40 ಟನ್ ಬಂದರೂ ಮೂರೆಕರೆಯ ಪೂರ್ತಿ ಬೆಳೆ, ಅದೂ ಬಿತ್ತನೆ, ಗೊಬ್ಬರ, ಆಳಿನ ಖರ್ಚು ಕಳೆಯುವ ಮುಂಚೆ. ಒಂದು ಸರ್ವೀಸು ಹತ್ತೂವರೆ ಟನ್ನಿಗೆ ಮಿಕ್ಕಿದ್ದು. ನೂರಿನ್ನೂರು ರೂಪಾಯಿಗೆ ಹೋರಾಡಿ ತಂದ ಹಣ ಎಲ್ಲಿಗೆ ಹೋಗುತ್ತಿದೆ ಎಂದು ಕುಟುಂಬ ಒಟ್ಟಾಗಿ ಕುಳಿತು ನೋಡುವುದು ಬಹಳ ಮುಖ್ಯ. ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ ಬರುತ್ತದೆ, ಕೆಲವೊಮ್ಮೆ ತಡವಾಗಿ ಬರುತ್ತದೆ. ವಾಚಿನ ಎಣ್ಣೆ ಅದಕ್ಕಾಗಿ ಕಾಯುವುದಿಲ್ಲ.

ಲಾಕರಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ರಿಸರ್ವ್ ಬ್ಯಾಂಕಿನ 2022ರ ಜನವರಿಯಿಂದ ಜಾರಿಗೆ ಬಂದ ನಿಯಮದಂತೆ ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ನೌಕರರ ವಂಚನೆಯಿಂದಾದ ನಷ್ಟಕ್ಕೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. 2,000 ಬಾಡಿಗೆಯ ಲಾಕರಿನಲ್ಲಿ ಏನೇ ಇಟ್ಟಿದ್ದರೂ ಸಿಗುವುದು ಹೆಚ್ಚೆಂದರೆ ಎರಡು ಲಕ್ಷ. ಒಡವೆಯೂ ವಾಚೂ ಎಲ್ಲ ಸೇರಿ. ಉಳಿದದ್ದಕ್ಕೆ ಬೇರೆ ವಿಮೆ ಬೇಕು. ಲಾಕರಿನಲ್ಲಿ ವರ್ಷಗಟ್ಟಲೆ ಮಲಗುವ ಕ್ವಾರ್ಟ್ಜ್ ವಾಚಿನ ಸೆಲ್ಲನ್ನು ಮೊದಲು ತೆಗೆಸಬೇಕು, ಸೋರಿದರೆ ಯಂತ್ರವೇ ಹಾಳು.

ರಿಪೇರಿಯ ದೂರ

ಸೆಲ್ಲು ಬದಲಿಸಲು, ಬೆಲ್ಟು ಹಾಕಿಸಲು, ಹಳೆಯ ಎಚ್‌ಎಂಟಿ ತೊಳೆಸಲು ತಾಲ್ಲೂಕು ಪೇಟೆಗಳಲ್ಲಿ ಜನ ಇದ್ದಾರೆ. 'ಜನತಾ', 'ಪೈಲಟ್'ನಂಥ ವಾಚುಗಳ ಯಂತ್ರ ಒಂದೇ ಮನೆತನದ್ದು. ಒಂದರ ಭಾಗ ಇನ್ನೊಂದಕ್ಕೆ ಕೂರುತ್ತದೆ. ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಅವು ನಡೆಯುತ್ತಿರುವುದು ಆ ಕಾರಣಕ್ಕೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಣ್ಣ ಮೇಜಿನ ಮುಂದೆ ಕುಳಿತವರ ಕೈಚಳಕದಿಂದ. ಆ ಕಸುಬು ಕಲಿಯಲು ಹೊಸಬರು ಬರುತ್ತಿಲ್ಲ. ಈ ಹಳಬರ ಜೊತೆ ಹೋಗುವುದು ಒಂದು ಇಡೀ ವಿದ್ಯೆ. ಅದನ್ನು ಉಳಿಸುವ ಯತ್ನ ಕರ್ನಾಟಕದಲ್ಲಿ ಆಗಲೇಬೇಕು, ಇಷ್ಟೊಂದು ವಾಚು ಮಾಡಿದ ನಾಡು ಇದು.

ಅದಕ್ಕಿಂತ ಮೇಲಿನ ವಾಚಿಗೆ ಗೋಕಾಕ, ಮೂಡಲಗಿಯವರು ಬೆಳಗಾವಿಗೆ ಹೋಗುತ್ತಾರೆ; ಹುಕ್ಕೇರಿ, ಸಂಕೇಶ್ವರದವರಿಗೆ ಕೊಲ್ಹಾಪುರವೂ ಅನುಕೂಲ. ದೊಡ್ಡ ಸ್ವಿಸ್ ಹೆಸರಾದರೆ ಆ ಅಂಗಡಿಗಳೂ ವಾಚನ್ನು ಪ್ಯಾಕು ಮಾಡಿ ಮಹಾನಗರಕ್ಕೆ ಕಳಿಸುತ್ತವೆ. ಕಳಿಸುವ ಮುನ್ನ ವಾಚಿನ ಮುಂದು, ಹಿಂದು, ಸಂಖ್ಯೆಯ ಫೋಟೊ ತೆಗೆದು ರಸೀದಿಯಲ್ಲಿ ಆ ಸಂಖ್ಯೆ ಬರೆಸಬೇಕು; ಸಾಗಣೆಯ ವಿಮೆ ಯಾರದು ಎಂದು ಕೇಳಬೇಕು. ಕೇಸಿಗೆ ಪಾಲಿಶ್ ಮಾಡಬೇಡಿ ಎಂದು ಬರೆಸುವುದೂ ಒಳ್ಳೆಯದು. ಪ್ರತಿ ಪಾಲಿಶಿಗೂ ಒಂದಿಷ್ಟು ಲೋಹ ಹೋಗುತ್ತದೆ, ಅಂಚುಗಳು ಮೊಂಡಾಗುತ್ತವೆ, ಹಳೆಯ ವಾಚು ಬಲ್ಲವರು ಅಂಥದ್ದಕ್ಕೆ ಕಡಿಮೆ ಬೆಲೆ ಹೇಳುತ್ತಾರೆ.

ಕಾಗದ, ಉಡುಗೊರೆ, ತೆರಿಗೆ

2016ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ಹ್ಯೂಬ್ಲೊ ವಾಚು ರಾಜ್ಯವಿಡೀ ಸುದ್ದಿಯಾಯಿತು. ಅದು ಡ್ರೆಸ್ ವಾಚಲ್ಲ. ಆದರೆ ಬೆಲೆ, ಮೂಲ, ಕಾಗದ ಮೂರರ ಪಾಠವೂ ಆ ಪ್ರಕರಣದಲ್ಲಿದೆ. ಜೆಡಿಎಸ್ ಮುಖಂಡ ಎಚ್.ಡಿ. ಕುಮಾರಸ್ವಾಮಿಯವರು ಅದರ ಬೆಲೆ 70 ಲಕ್ಷದಷ್ಟು ಎಂದರು. ಸಿದ್ದರಾಮಯ್ಯನವರು ಅದು ವಿದೇಶದಲ್ಲಿರುವ ಗೆಳೆಯರ ಕೊಡುಗೆ ಎಂದರು, ಮಾರ್ಚಿನಲ್ಲಿ ಅದನ್ನು ಸರ್ಕಾರದ ಸ್ವತ್ತೆಂದು ವಿಧಾನಸಭಾಧ್ಯಕ್ಷ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿದರು. ಮನೆಮಟ್ಟದಲ್ಲೂ ಅದೇ ಮಾತು: ದುಬೈಯಿಂದ ನೆಂಟರು ತಂದುಕೊಟ್ಟ ವಾಚಿಗೆ ಬಿಲ್ಲೂ ಸುಂಕದ ರಸೀದಿಯೂ ಇಲ್ಲದಿದ್ದರೆ ವಿಮೆ, ಮಾರಾಟ, ಕಳವಿನ ದೂರು ಯಾವುದೂ ಸಲೀಸಾಗಿ ಸಾಗದು.

ಮದುವೆಯ ವಾಚಿಗೆ ಕಾನೂನಿನ ಮಾತು ಬೇರೆಯೇ ಇದೆ, ಅದನ್ನು ಬಲ್ಲವರು ಕಡಿಮೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಅದರಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ ವಧುವರರಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಇಡಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ನಂಟು ಬರೆದು ಇಬ್ಬರೂ ಸಹಿ ಮಾಡಬೇಕು. ಕೊಟ್ಟದ್ದು ವಾಡಿಕೆಯಂತಿರಬೇಕು, ಕೊಡುವವರ ಶಕ್ತಿಗೆ ಮೀರಿರಬಾರದು. ಗಂಡಿನ ಕಡೆಯವರು ಇಂಥದ್ದೇ ವಾಚು ಬೇಕೆಂದು ಕೇಳಿದರೆ ಅದು ಉಡುಗೊರೆಯಲ್ಲ, ಅಪರಾಧ. ಹೆಣ್ಣಿನ ತಂದೆ ಸಾಲ ಮಾಡಿ ತಂದ ವಾಚಿಗೆ ಯಾವ ಕಂಪನಿಯ ಹೆಸರಿದ್ದರೂ ಅದು ಆ ಮನೆಗೆ ಒಳಿತು ತರುವುದಿಲ್ಲ.

ಕೊಳ್ಳುವಾಗ ನಗದಿನ ಮಿತಿ ನೆನಪಿರಲಿ. 2017ರ ಏಪ್ರಿಲಿನಿಂದ ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. 2025ರ ಏಪ್ರಿಲ್ 22ರಿಂದ ಹತ್ತು ಲಕ್ಷ ಮೀರಿದ ಕೈಗಡಿಯಾರಕ್ಕೆ ಮಾರುವವರು ನೂರಕ್ಕೆ ಒಂದರಂತೆ ತೆರಿಗೆ ಹಿಡಿಯುತ್ತಾರೆ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು.

ಹಳೆಯ ವಾಚು ಕೊಳ್ಳುವುದು

ಬಳಸಿದ ವಾಚು ಕೊಂಡರೆ ಮೊದಲ ಇಳಿಕೆಯ ನಷ್ಟ ಬೇರೆಯವರದು. ಎಚ್‌ಎಂಟಿಯಲ್ಲಿ ಮಾತ್ರ ಬಹಳ ಜಾಗ್ರತೆ ಬೇಕು: ಡಯಲಿಗೆ ಹೊಸ ಬಣ್ಣ ಬಳಿದು, ಇಲ್ಲದ ಬಣ್ಣಗಳಲ್ಲಿ ಹೆಸರು ಅಚ್ಚೊತ್ತಿ, ಹತ್ತು ವಾಚಿನ ಭಾಗ ಕೂಡಿಸಿ 'ಅಪರೂಪದ್ದು' ಎಂದು ಮಾರುವುದು ದೊಡ್ಡ ವ್ಯಾಪಾರವಾಗಿದೆ. ಅಕ್ಷರದ ಅಂಚು ಒಡೆದಿದೆಯೇ, ನಿಮಿಷದ ಗೆರೆಗಳು ಸಮವಾಗಿವೆಯೇ, ವಯಸ್ಸಾದ ಕೇಸಿಗೆ ಹೊಳೆಯುವ ಡಯಲ್ ಯಾಕೆ ಎಂದು ನೋಡಬೇಕು. ಅಜ್ಜನ ಮಸುಕಾದ ಡಯಲಿನ ವಾಚನ್ನು ಹೊಸದಾಗಿಸಲು ಹೋಗಬಾರದು, ಮಸುಕೇ ಅದರ ಅಸಲಿತನದ ಸಾಕ್ಷಿ.

ಆಮದು ವಾಚುಗಳ ಬೆಲೆ ಮುಂದಿನ ವರ್ಷಗಳಲ್ಲಿ ಬದಲಾಗುವ ಸಂಭವವಿದೆ. 2018ರ ಬಜೆಟ್ಟಿನಲ್ಲಿ ಕೈಗಡಿಯಾರದ ಮೂಲ ಆಮದು ಸುಂಕ ನೂರಕ್ಕೆ 10ರಿಂದ 20ಕ್ಕೆ ಏರಿತ್ತು. ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳೊಂದಿಗೆ 2024ರ ಮಾರ್ಚಿನಲ್ಲಿ ಸಹಿಯಾದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿದ್ದು, ಸ್ವಿಸ್ ವಾಚುಗಳ ಸುಂಕ ಏಳು ವರ್ಷಗಳಲ್ಲಿ ಹಂತಹಂತವಾಗಿ ಇಳಿಯಲಿದೆ. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಇಳಿಯುತ್ತದೆ. ಇಂದು ಹೆಚ್ಚಿನ ಸುಂಕ ಕೊಟ್ಟು ಕೊಂಡು ಐದಾರು ವರ್ಷದಲ್ಲಿ ಮಾರುವ ಯೋಚನೆ ಇರುವವರು ಆ ಇಳಿಕೆಯನ್ನೂ ಮೇಲಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು, ಅವಸರವಿಲ್ಲದವರು ಕಾಯಬಹುದು.